ಹೆಬ್ಬಾಳದಲ್ಲಿ ಕೂತು ಹಿಮದ ಮೇಲೆ ಬೀಳುವುದು

ನಾನು ಹಿಮ ಕಂಡವನಲ್ಲ. ಫ್ರೀಜರ್‌ನಲ್ಲಿ ಬಟಾಣಿ ಪೊಟ್ಟಣದ ಸುತ್ತ ಕಟ್ಟುತ್ತದಲ್ಲ, ಅಷ್ಟೇ ನಮ್ಮಿಬ್ಬರ ಪರಿಚಯ. ಆದರೂ ಹಿಮದ ಮೇಲೆ ಮನುಷ್ಯ ಎಷ್ಟು ಬಗೆಯಲ್ಲಿ ಬೀಳಬಹುದು ಎಂದು ನನ್ನನ್ನು ಕೇಳಿ. ಸಮನಾದ ನೆಲದಲ್ಲಿ ಬಿದ್ದರೆ ಒಂದು ಸಂಖ್ಯೆ, ಮೆಟ್ಟಿಲಿಂದ ಬಿದ್ದರೆ ಇನ್ನೊಂದು. ಸ್ಕೇಟಿಂಗ್ ಮಾಡುತ್ತಾ ಬಿದ್ದವರ ದಾರಿಯೇ ಬೇರೆ. ಹೆಬ್ಬಾಳದ ಆಫೀಸಿನಲ್ಲಿ ಕೂತು, ಅಮೆರಿಕದ ವೈದ್ಯರ ಟಿಪ್ಪಣಿ ಓದಿ, ಪೆಟ್ಟಿಗೂ ಬಿದ್ದ ರೀತಿಗೂ ತಕ್ಕ ಸಂಖ್ಯೆ ಕೊಡುವುದು ನನ್ನ ಉದ್ಯೋಗ. ಮೆಡಿಕಲ್ ಕೋಡಿಂಗ್ ಎನ್ನುತ್ತಾರೆ. ಚಿಕ್ಕಬಾಣಾವರದ ನಮ್ಮ ಬೀದಿಯವರು ಮಾತ್ರ ನನ್ನನ್ನು ಡಾಕ್ಟರೆಂದೇ ತಿಳಿದು ತಲೆನೋವಿಗೆ ಮಾತ್ರೆ ಕೇಳುತ್ತಾರೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದುಕೊಂಡು ತಿರುಗಿದವನು ನಾನು. ಯಾವುದನ್ನೂ ಸುಮ್ಮನೆ ನಂಬುವವನಲ್ಲ. ಎಲ್ಲಿ ಬಿದ್ದರೂ ನೋವು ನೋವೇ, ಇಷ್ಟೊಂದು ವಿಂಗಡಣೆ ಯಾಕೆ ಎಂದು ಮೊದಮೊದಲು ನಗುತ್ತಿದ್ದೆ. ಮೆಟ್ಟಿಲಿಂದ ಬೀಳುವವರು ಹೆಚ್ಚಿದ್ದರೆ ಕಂಬಿ ಹಾಕಿಸಬೇಕು, ನೆಲದ ಮೇಲೆ ಜಾರುವವರು ಹೆಚ್ಚಿದ್ದರೆ ಹಿಮ ಕರಗಲು ಉಪ್ಪು ಎರಚಬೇಕು, ಅದು ತಿಳಿಯಬೇಕಾದರೆ ಎಣಿಸಬೇಕಲ್ಲ ಎಂದು ಹೊಳೆದ ದಿನ ನನಗೆ ನಾನೇ ಸೋತೆ.

ಕಳೆದ ಚಳಿಗಾಲದಲ್ಲಿ, ನಮ್ಮ ಕೆಲಸ ತಿದ್ದುವ ನಸೀಮಾ ಮೇಡಂ ನಾನು ಕೊಟ್ಟ ಸಂಖ್ಯೆಯೊಂದಕ್ಕೆ ತಪ್ಪು ಗುರುತು ಹಾಕಿದರು. ಇನ್ನೊಂದು ತಪ್ಪಾದರೆ ಕಣ್ಣು ತಪಾಸಣೆಯ ಟಿಪ್ಪಣಿ ಓದುವ ತಂಡಕ್ಕೆ ಹಾಕುತ್ತೇನೆ ಎಂದು ಮೊದಲೇ ಎಚ್ಚರಿಸಿದ್ದರು. ಅಲ್ಲಿ ಯಾರೂ ಬೀಳುವುದಿಲ್ಲ. ದಿನವಿಡೀ ಕನ್ನಡಕ.

ಆಗಿದ್ದಿಷ್ಟು: ಅಮೆರಿಕದ ಮುದುಕರೊಬ್ಬರು ಹೊಸ್ತಿಲಾಚೆಯ ಪಾರ್ಸೆಲ್ ಎತ್ತಿಕೊಳ್ಳಲು ಬಾಗಿಲು ತೆರೆದು, ಅಲ್ಲೇ ಕಟ್ಟಿದ್ದ ಮಂಜುಗಡ್ಡೆಯ ಮೇಲೆ ಜಾರಿ ಕುಕ್ಕರಿಸಿದ್ದರು. ನಾನು ನೆಲ ಎಂದಿದ್ದೆ. ಮೇಡಂ ಮೆಟ್ಟಿಲು ಎಂದರು.

“ಓದಿಲ್ವೇನೋ? ಮನೆ ಮುಂದೆ ಮೂರ್ ಮೆಟ್ಲಿದೆ ಅಂತ ಕೊನೇಲಿ ಬರ್ದಿದಾರಲ್ಲ!”

“ಅದು ಆಸ್ಪತ್ರೆಯಿಂದ ಹೋದ್ಮೇಲೆ ಹತ್ತಕ್ಕಾಗುತ್ತಾ ಅಂತ ನೋಡಕ್ಕೆ ಬರ್ದಿರೋದು ಮೇಡಂ. ಮನೆಗೆ ತಾರಸಿನೂ ಇರುತ್ತೆ. ಹಂಗಂತ ತಾರಸಿಯಿಂದ ಬಿದ್ರು ಅನ್ನೋದಾ?”

ಸಾಲಿನವರೆಲ್ಲ ಕೀಬೋರ್ಡ್ ಬಿಟ್ಟು ತಿರುಗಿದರು. “ಮಗಾ, ನಿನಗೆ ಕನ್ನಡಕ ಗ್ಯಾರಂಟಿ,” ಎಂದು ಪಕ್ಕದ ಕಿರಣ ಪಿಸುಗುಟ್ಟಿದ.

“ಬಾಗ್ಲಾಚೆ ಮೆಟ್ಲಲ್ದೆ ಇನ್ನೇನಿರತ್ತೆ?” ಮೇಡಂ ಬಿಡಲಿಲ್ಲ.

“ಆರ್.ಟಿ. ನಗರದಲ್ಲಿ ನಿಮ್ಮನೆ ಹಾಲಿನ ಪ್ಯಾಕೆಟ್ ಎಲ್ಲಿಡ್ತಾರೆ ಮೇಡಂ?”

“ಬಾಗ್ಲತ್ರ.”

“ಎತ್ಕೊಳಕ್ಕೆ ಮೆಟ್ಲಿಳೀತೀರಾ?”

“ಬಗ್ತೀನಿ,” ಎಂದರು ಮೇಡಂ, ಮನಸ್ಸಿಲ್ಲದೆ.

“ಬರೀದೇ ಇರೋದನ್ನ ಊಹೆ ಮಾಡ್ಬಾರ್ದು ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ?”

ಅವರು ಟಿಪ್ಪಣಿಯನ್ನು ಮತ್ತೊಮ್ಮೆ, ನಿಧಾನವಾಗಿ, ತುಟಿಯಾಡಿಸುತ್ತಾ ಓದಿದರು. “ಲಾಯರ್ ಆಗೋದ್ ಬಿಟ್ಟು ಇಲ್ಲಿ ನಮ್ ಪ್ರಾಣ ತಿಂತೀಯಲ್ಲೋ!” ಎನ್ನುತ್ತಾ ತಪ್ಪಿನ ಗುರುತು ತೆಗೆದರು. ಕಿರಣ ಮೇಜು ಬಡಿದ. ಆ ಸಂಜೆ ಫ್ಲೈಓವರ್ ಮೇಲೆ ಬಸ್ಸು ಅಲ್ಲಾಡದೆ ನಿಂತಿದ್ದಾಗಲೂ ನಾನು ಗೆಲುವಿನ ಮೆರವಣಿಗೆಯಲ್ಲೇ ಇದ್ದೆ.

ಬಿದ್ದವರು ಪೆಟ್ಟು ನೋಡಿಕೊಳ್ಳುವ ಮೊದಲು, ಯಾರಾದರೂ ಕಂಡರೇ ಎಂದು ಸುತ್ತ ನೋಡುತ್ತಾರೆ. ಆ ಮುದುಕರೂ ನೋಡಿರಬೇಕು. ಬೀದಿ ಖಾಲಿಯಿದ್ದು ಸಮಾಧಾನಪಟ್ಟಿರಬೇಕು. ಭೂಮಿಯ ಈ ಮಗ್ಗುಲಲ್ಲಿ ಒಂದು ಸಾಲು ಜನ ಕೆಲಸ ಬಿಟ್ಟು ತಮ್ಮನ್ನೇ ನೋಡಲಿದ್ದಾರೆ, ತಾವು ಮೆಟ್ಟಿಲಿಂದ ಉರುಳಿಬಿದ್ದವರಲ್ಲ, ಸ್ವಂತ ಬಾಗಿಲಲ್ಲೇ ಕುಳಿತವರು ಎಂದು ಒಬ್ಬ ವಾದಿಸಿ ಗೆಲ್ಲಲಿದ್ದಾನೆ ಎಂದು ಅವರಿಗೇನು ಗೊತ್ತು!