ರೂಟರಿನ ಈಚೆಗಿನದು ನನ್ನದು

1997ರಲ್ಲಿ, ಒಂಬತ್ತನೆಯ ತರಗತಿಯ ನಡುವೆ, ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ಬಾಲಾನಗರದ ಶೆಡ್ಡುಗಳಲ್ಲಿ, ಕಾದ ತಗಡಿನ ಕೆಳಗೆ ಕೇಬಲ್ ಎಳೆಯುತ್ತ ಕಲಿತದ್ದು. ಅದರಲ್ಲಿ ಯಾರ ಉಪಕಾರವೂ ಇಲ್ಲ.

ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ನೆಟ್‌ವರ್ಕು ಪೂರ್ತಿ ನಾನೇ ಹಾಕಿದ್ದು. ಪ್ರತಿ ಕೋಣೆಯ ಕಂಪ್ಯೂಟರುಗಳ ಕೇಬಲ್‌ಗಳು ಆ ಕೋಣೆಯ ಸ್ವಿಚ್ಚಿಗೆ, ಅಂದರೆ ಅವನ್ನೆಲ್ಲ ಕೂಡಿಸುವ ಪೆಟ್ಟಿಗೆಗೆ, ಬರುತ್ತವೆ. ಆ ಸ್ವಿಚ್ಚುಗಳೆಲ್ಲ ಆಫೀಸಿನ ದೊಡ್ಡ ಸ್ವಿಚ್ಚಿಗೆ ಸೇರುತ್ತವೆ, ಅಲ್ಲಿಂದ ಒಂದೇ ಕೇಬಲ್ ರೂಟರಿಗೆ. ರೂಟರಿನ ಆಚೆ, ವಿಶಾಖಪಟ್ಟಣದ ಗೋದಾಮಿನವರೆಗೆ ಹೋಗುವ ಲೈನು ಬೇರೆ ಕಂಪನಿಯದು. ಈಚೆಗಿನದು ನನ್ನದು. ಏನು ಕೆಟ್ಟರೂ ಲೈನಿನವರು ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಅದಕ್ಕೆ ಒಗ್ಗಿಹೋಗಿದ್ದೆ.

ಅಲ್ಲಿನ ಮ್ಯಾನೇಜರು ಬೀದರ ಕಡೆಯವರು. ಹೊರಗೆಲ್ಲ ಹಿಂದಿ, ತೆಲುಗು. ನಾವಿಬ್ಬರು ಸೇರಿದರೆ ಕನ್ನಡ. ಆಯುಧ ಪೂಜೆಯ ದಿನ ಅವರು ಸ್ವಿಚ್ಚುಗಳನ್ನೂ ಬಿಡದೆ ಒರೆಸಿ, ಕುಂಕುಮ ಹಚ್ಚಿ, ಹೂವು ಏರಿಸಿದರು. ಅದು ಸರಿಯೇ. ಪ್ಯಾಕಿಂಗ್ ಕೋಣೆಯಲ್ಲಿ, ರಿಪೇರಿಗೆ ಹೋಗಿದ್ದ ಕಂಪ್ಯೂಟರಿನ ಕೇಬಲ್ ಜೋತುಬಿದ್ದಿತ್ತು. ಪೂಜೆಯಾದ ಸಾಮಾನು ಹಾಗೆ ಜೋತಾಡಬಾರದೆಂದು ಅದರ ತುದಿಯನ್ನು ಎತ್ತಿ ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದರು. ಇನ್ನೊಂದು ತುದಿ ಮೊದಲೇ ಅದೇ ಸ್ವಿಚ್ಚಿನಲ್ಲಿತ್ತು.

ರಜೆ ಮುಗಿದು ಕೆಲಸ ಶುರುವಾದಾಗ, ಎಲ್ಲ ಕಂಪ್ಯೂಟರುಗಳಿಗೂ ಹೋಗಬೇಕಾದ ಸಂದೇಶ ಆ ಕೇಬಲ್ಲಿನ ಒಂದು ತುದಿಯಿಂದ ಹೊರಬಿದ್ದು ಇನ್ನೊಂದು ತುದಿಯಿಂದ ಒಳಬಂದು, ಅಲ್ಲೇ ಗಿರಕಿ ಹೊಡೆಯುತ್ತ ನೂರ್ಮಡಿಯಾಯಿತು. ಆ ಗದ್ದಲ ದೊಡ್ಡ ಸ್ವಿಚ್ಚಿಗೂ ನುಗ್ಗಿತು. ಇಡೀ ಕಾರ್ಖಾನೆಯ ಕಂಪ್ಯೂಟರುಗಳು ನಿಂತವು. ಸರಕು ತುಂಬಿದ ಲಾರಿಗಳು ಬಿಲ್ಲಿಲ್ಲದೆ ಗೇಟಿನಲ್ಲೇ ಉಳಿದವು.

ಒಂದೊಂದೇ ಕೋಣೆಯ ಕೇಬಲ್ಲನ್ನು ದೊಡ್ಡ ಸ್ವಿಚ್ಚಿನಿಂದ ಬಿಡಿಸಿ ನೋಡುತ್ತ ಬಂದು ಆ ತುದಿಯನ್ನು ಕಿತ್ತೆ. ಎಲ್ಲ ನಡೆಯಿತು. ಯಾರು ಚುಚ್ಚಿದ್ದು ಎಂದು ಕೇಳಿದರೆ ಮ್ಯಾನೇಜರು ತಾವೇ ಎಂದು ನಕ್ಕರು. ಮಾಲೀಕರು ಬರುತ್ತಿದ್ದಾರೆಂದು ಗೊತ್ತಾದಾಗ ಮಾತ್ರ ನನ್ನನ್ನು ಮೂಲೆಗೆ ಕರೆದರು.

“ನಿಮ್ಮ ಕೈಯಾಗ ತಪ್ಪಾತು ಅನ್ರಿ. ನಿಮ್ಮ ಕಾಂಟ್ರಾಕ್ಟ್ ನಾ ಉಳಸ್ತೀನಿ. ನಾವು ನಾವ ಅದೀವಲ್ಲ.”

“ಕೇಬಲ್ ಹಚ್ಚಿದವರು ನೀವು. ನಾ ಯಾಕ ಹೆಸರು ಕೆಡಿಸ್ಕೊಳ್ಲಿ?” ಎಂದೆ.

“ಟೆಂತ್ ಸುದ್ದಾ ಮುಗಿಸಿಲ್ಲ. ನಿಮ್ಮದು ಎಂಥಾ ಹೆಸರ್ರಿ?”

ಅದನ್ನು ನೆನೆದರೆ ಇವತ್ತಿಗೂ ಕಿವಿ ಸುಡುತ್ತದೆ. ಅವರು ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ, ಭಕ್ತಿಯಿಂದ ಮಾಡಿದ್ದು. ನಾವು ನಾವೇ ಎಂದ ಬಾಯಲ್ಲೇ ಆ ಮಾತು ಬಂತಲ್ಲ, ಅದಕ್ಕೆ ಸಿಟ್ಟು.

ಮಾಲೀಕರಿಗೆ ನಡೆದದ್ದನ್ನು ನಡೆದ ಹಾಗೆ ತೆಲುಗಿನಲ್ಲಿ ಹೇಳಿದೆ. ಮ್ಯಾನೇಜರು ಅಲ್ಲಗಳೆದರು. ಅವರು ಮಾಲೀಕರಿಗೆ ಹಳೆಯ ನಂಬಿಕಸ್ಥ ಮನುಷ್ಯ, ನಾನು ಹೊರಗಿನವನು. ಮುಂದಿನ ತಿಂಗಳಿಂದ ಬೇರೆಯವರು ನೋಡಿಕೊಳ್ಳುತ್ತಾರೆಂದು ಮಾಲೀಕರು ಹೇಳಿದರು. ನಾನು ಬೇಡಿಕೊಳ್ಳಲಿಲ್ಲ.

ಈಗ ನಾನು ನೆಟ್‌ವರ್ಕು ನೋಡಿಕೊಳ್ಳುವುದು ಬಾಲಾನಗರದ ಮೂರು ವರ್ಕ್‌ಶಾಪುಗಳಲ್ಲಿ, ತಾರ್ನಾಕದ ಒಂದು ಹಾಸ್ಟೆಲಿನಲ್ಲಿ. ಒಟ್ಟು ನಾಲ್ಕು ಕಡೆ ಕೆಲಸ. ಜೀಡಿಮೆಟ್ಲಾದಲ್ಲಿ ಒಂದೂ ಇಲ್ಲ.