ಸಹಕಾರ ಎಂದರೆ ಸೊಸೈಟಿ

ಇಂಗ್ಲಿಷ್ ಮಾಸ್ತರನಾಗಿ ನಿವೃತ್ತನಾದವನನ್ನು ಹೊನ್ನಾವರದಂಥ ಊರು ಸುಮ್ಮನೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿ, ಆಸ್ಪತ್ರೆಯ ಚೀಟಿ, ಗಲ್ಫಿನಿಂದ ಬಂದ ಕಾಗದ, ಎಲ್ಲ ನನ್ನ ಜಗುಲಿಗೇ ಬರುತ್ತವೆ. ಹಾಗಿರುವಾಗ ಮೂರು ದೇಶಗಳ ವಿಜ್ಞಾನಿಗಳು ಸೇರಿ ನದಿಯ ನಡುವಿನ ಮಾವಿನಕುರ್ವೆ ದ್ವೀಪದಲ್ಲಿ ಮೀನು ಒಣಗಿಸುವ ಸೌರಯಂತ್ರದ ಪ್ರಯೋಗಕ್ಕೆ ಬಂದಾಗ ದುಭಾಷಿಯ ಕೆಲಸ ಇನ್ಯಾರಿಗೆ ಬರಬೇಕು? ಬೇಡ ಬೇಡ ಎನ್ನುತ್ತಲೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಟೆ.

ಮೊದಲು ಬ್ಯಾನರು. ‘ಶುದ್ಧ ಇಂಧನ ತಂತ್ರಜ್ಞಾನ ಸಂಶೋಧನೆ ಹಾಗೂ ನಾವೀನ್ಯತೆಯಲ್ಲಿ ಅಂತಾರಾಷ್ಟ್ರೀಯ ಸಹಕಾರ’ ಎಂದು ಕನ್ನಡದಲ್ಲಿ ಬರೆದುಕೊಟ್ಟು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅಷ್ಟುದ್ದದ ಸಾಲಿನಲ್ಲಿ ಊರವರಿಗೆ ತಲುಪಿದ್ದು ಎರಡೇ ಶಬ್ದ, ಅವೆರಡೂ ತಪ್ಪಾಗಿ.

‘ಶುದ್ಧ’ದ ಬಗ್ಗೆ ಮೊದಲು ಕೇಳಿದವಳು ಅಕ್ಕ. ಅಕ್ಕ ಎಂದರೆ ಸಂಬಂಧಿಕಳೇನಲ್ಲ. ಆ ದ್ವೀಪದವಳು, ಅಳಿವೆಯ ದಂಡೆಯಲ್ಲಿ ಮೀನು ಒಣಗಿಸಿ ಕುಮಟೆಗೂ ಭಟ್ಕಳಕ್ಕೂ ಕಳಿಸುವವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು.

“ಎಂತ ಮಾಸ್ತರೆ ಇದು, ಶುದ್ಧ ಬಿಸಿಲು ತಂದಾರಾ? ನಾವು ಇಷ್ಟ್ ವರ್ಷ ಒಣಗ್ಸಿದ್ದು ಎಂತ ಮೈಲಿಗೆ ಬಿಸಿಲಾ?”

ನಾನು ನಕ್ಕು ಜಾರಿಕೊಂಡೆ. ನಿಜವಾದ ಪೇಚು ಇದ್ದದ್ದು ‘ಸಹಕಾರ’ದಲ್ಲಿ. ನಮ್ಮ ಕಡೆ ಸಹಕಾರ ಎಂದರೆ ಸೊಸೈಟಿ, ಅದಕ್ಕೆ ಎರಡನೇ ಅರ್ಥವೇ ಇಲ್ಲ. ಸೊಸೈಟಿ ಎಂದರೆ ಸದಸ್ಯತ್ವ, ಮಹಾಸಭೆ, ಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷರ ಬೆವರಿಳಿಸುವ ಹಕ್ಕು, ಕೊನೆಗೆ ಕೈ ಎತ್ತಿ ಠರಾವು. ಠರಾವು ಪಾಸಾಯಿತೋ, ಮುಗಿಯಿತು, ಅದನ್ನು ಬದಲಿಸಲು ಯಾರಪ್ಪನಿಂದಲೂ ಆಗುವುದಿಲ್ಲ. ವಿಜ್ಞಾನಿಗಳು ಒಪ್ಪಿಗೆ ಪತ್ರಕ್ಕೆ ಹೆಂಗಸರ ಸಹಿ ತೆಗೆದುಕೊಂಡರೆ, ಹೆಂಗಸರು ಅದನ್ನು ಸದಸ್ಯತ್ವದ ಅರ್ಜಿ ಎಂದೇ ತಿಳಿದು ಸಾಲಾಗಿ ನಿಂತು ಸಹಿ ಹಾಕಿದರು. ನನಗೆ ಗೊತ್ತಿತ್ತು. ಆದರೆ ಎರಡೂ ಕಡೆಯವರು ಅಷ್ಟು ಖುಷಿಯಾಗಿರುವಾಗ ನಡುವೆ ನಾನ್ಯಾಕೆ ಮೂಗು ತೂರಿಸಲಿ ಎಂದು ಸುಮ್ಮನಾದೆ.

ತಂಡದ ಮುಖ್ಯಸ್ಥ ಸಾಧು ಮನುಷ್ಯ. ವರ್ಷದಲ್ಲಿ ಅರ್ಧ ಕಾಲ ಸೂರ್ಯನ ಮುಖವನ್ನೇ ಕಾಣದ ದೇಶದವನು, ನಮಗೆ ಬಿಸಿಲಿನ ಉಪಯೋಗ ಹೇಳಿಕೊಡಲು ಬಂದಿದ್ದ. ಎಂಟು ದಿನ ದ್ವೀಪದ ತುಂಬ ಉಪಕರಣ ಹೊತ್ತು ತಿರುಗಿ, ಮೈಯೆಲ್ಲ ಕೆಂಪು ಮಾಡಿಕೊಂಡು, ಅತಿ ಹೆಚ್ಚು ಬಿಸಿಲು, ಗಾಳಿ ಎರಡೂ ಸಿಗುವ ಜಾಗವನ್ನು ಪತ್ತೆ ಹಚ್ಚಿದ. ಅದು ಅಕ್ಕ ಮೀನು ಹರಡುವ ಮರಳಿನ ಅಂಗಳವಾಗಿತ್ತು. ಆಗದೆ ಇನ್ನೇನು! ಅವಳ ಅತ್ತೆಯ ಅತ್ತೆ ಯಾವ ಉಪಕರಣವೂ ಇಲ್ಲದೆ ಆರಿಸಿದ ಜಾಗ ಅದು. ಕಾಗದದಲ್ಲಿ ಮಾತ್ರ ಸರ್ಕಾರದ್ದು, ಹಾಗಾಗಿ ಅನುಮತಿ ಸಲೀಸಾಗಿ ಸಿಕ್ಕಿತು. ಅಂಗಳದ ನಟ್ಟನಡುವೆ ಗಾಜಿನ ಯಂತ್ರ ಬಂದು ಕೂತಿತು, ಅದರ ಸುತ್ತ ಯಾರೂ ನೆರಳು ಬೀಳಿಸಬಾರದೆಂದು ಹಗ್ಗ ಕಟ್ಟಿದರು.

ಸುಳ್ಳು ಹೇಳಬಾರದು, ಯಂತ್ರದೊಳಗೆ ಒಣಗಿದ ಬಂಗಡೆಗೆ ಮರಳೂ ಇಲ್ಲ, ನೊಣವೂ ಇಲ್ಲ. ಮೂಸಿ ನೋಡಿದ ಅಕ್ಕನೇ ತಲೆದೂಗಿದಳು. ಆದರೆ ಅದು ಒಂದು ಸಲಕ್ಕೆ ನುಂಗುತ್ತಿದ್ದದ್ದು ಒಂದು ಬುಟ್ಟಿ ಮೀನು. ಮಳೆಗಾಲಕ್ಕೆ ಮೊದಲಿನ ತಾರ್ಲೆ ಮೀನು ದೋಣಿಗಟ್ಟಲೆ ಬರುತ್ತದೆ, ಆ ನಾಲ್ಕು ವಾರದಲ್ಲಿ ಒಣಗಿಸಿಟ್ಟದ್ದೇ ಅವಳಿಗೆ ಮುಂದಿನ ನಾಲ್ಕು ತಿಂಗಳ ಅನ್ನ. ಅಂಗಳ ಇಲ್ಲದಿದ್ದರೆ ಅದೂ ಇಲ್ಲ.

ಅಷ್ಟರಲ್ಲಿ ಪಾಲುದಾರರ ಸಭೆ ಕರೆದರು. ಹೆಂಗಸರೆಲ್ಲ ಮಹಾಸಭೆಗೆಂದು ಹೂ ಮುಡಿದು ಬಂದಿದ್ದರು. ಮುಖ್ಯಸ್ಥನ ಭಾಷಣ ಮುಗಿದದ್ದೇ ತಡ, ಅಕ್ಕ ಎದ್ದು ನಿಂತಳು.

“ಅಧ್ಯಕ್ಷರೆ, ನಂದೊಂದು ವಿಷಯ. ಪೆಟ್ಟಿಗೆ ಒಳ್ಳೇದೇ, ಅಲ್ಲ ಅನ್ನೂದಿಲ್ಲ. ಆದ್ರೆ ತಾರ್ಲೆ ಬಂದ್ರೆ ನಾನು ಹರಡೂದೆಲ್ಲಿ? ಅದನ್ನ ಆಚೆ ತೆಂಗಿನಮರದ ಹತ್ರ ಇಡೂದು ಅಂತ ಠರಾವು ಮಾಡ್ವ. ಒಪ್ಪಿದವರು ಕೈ ಎತ್ತಿ.”

ಎಲ್ಲ ಬಳೆಗಳೂ ಒಟ್ಟಿಗೆ ಮೇಲೆದ್ದವು.

ಮುಖ್ಯಸ್ಥ ನನ್ನ ಕಿವಿಯ ಹತ್ತಿರ ಬಗ್ಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದ. ಇಂಥ ಚಂದದ ಸಭೆ, ಎದುರಿಗೆ ದೊಡ್ಡ ದೊಡ್ಡ ಅಧಿಕಾರಿಗಳು, ಮೈಮೇಲೆ ಇಸ್ತ್ರಿಯ ಅಂಗಿ. “ಯೋಜನೆಗೆ ಬೆಂಬಲ ಸೂಚಿಸುತ್ತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಆ ಮನುಷ್ಯನ ಕಣ್ಣು ತುಂಬಿ ಬಂತು. ತಾನೂ ಕೈ ಎತ್ತಿದ. ಉಳಿದ ಎರಡು ದೇಶಗಳೂ ಎತ್ತಿದವು. ಅಧಿಕಾರಿಗಳು ಆಚೀಚೆ ನೋಡಿ ತಾವೂ ಎತ್ತಿದರು. ಫೋಟೋ ತೆಗೆದದ್ದೂ ಆಯಿತು, ಚಪ್ಪಾಳೆಯೂ ಆಯಿತು. ಇಷ್ಟು ಸರ್ವಾನುಮತದ ಠರಾವನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ದೋಣಿ ಇಳಿದಾಗ ಯಂತ್ರ ತೆಂಗಿನಮರದ ನೆರಳಿನಲ್ಲಿ ತಣ್ಣಗೆ ನಿಂತಿತ್ತು. ಹತ್ತು ಹೆಂಗಸರು ಸೇರಿ ಒಂದು ಗಾಜೂ ಒಡೆಯದಂತೆ ಹೊತ್ತು ತಂದಿದ್ದರು. ಅಕ್ಕ ಅಂಗಳ ಗುಡಿಸಿ ಹಳೆಯ ಬಲೆ ಹಾಸುತ್ತಿದ್ದಳು. ನನ್ನನ್ನು ಕಂಡು, “ಠರಾವಿನಂಗೆ ಮಾಡಿದ್ವು, ಅವರಿಗೆ ಹೇಳಿ” ಎಂದಳು.

ಮುಖ್ಯಸ್ಥ ಬೆಚ್ಚಿಬಿದ್ದು ನನ್ನತ್ತ ನೋಡಿದ. ಆಗಲಾದರೂ ಬಾಯಿ ಬಿಡಬೇಕಿತ್ತು. “ಗಾಜು ತೊಳೆಯಲು ನೆರಳಿಗೆ ತಂದಿದ್ದಾರೆ” ಎಂದೆ! ಒಂದು ಸುಳ್ಳನ್ನು ಉಳಿಸಿಕೊಳ್ಳಲು ಎಂಥ ಬುದ್ಧಿ ಓಡುತ್ತದೆ ನೋಡಿ. ಅವನು ಹೆಂಗಸರೆದುರು ಎರಡೂ ಕೈ ಮುಗಿದು ಬಗ್ಗಿದ, ಅವರೂ ನಾಚಿಕೊಂಡು ಕೈ ಮುಗಿದರು. ಮಧ್ಯಾಹ್ನದೊಳಗೆ ಯಂತ್ರ ಮತ್ತೆ ಅಂಗಳಕ್ಕೆ ಹೋಯಿತು, ಈ ಸಲ ತಂತಿಬೇಲಿಯ ಜೊತೆ. ಅಕ್ಕ ಬಲೆ ಮಡಚಿ ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. ನಾನು ನದಿ ನೋಡಿದೆ.

ತಾರ್ಲೆ ಬಂತು. ಅಕ್ಕ ಹಂಚಿನ ಮಾಡಿನ ಮೇಲೆ ಹರಡಿದಳು, ದಾರಿಯ ಬದಿಗೆ ಹರಡಿದಳು, ಸಿಕ್ಕವರ ಮೆಟ್ಟಿಲ ಮೇಲೂ ಹರಡಿದಳು. ಮಾಡಿನದ್ದನ್ನು ಕಾಗೆ ಒಯ್ದಿತು, ಕೆಳಗಿನದ್ದು ಗಾಳಿಯಿಲ್ಲದೆ ಬೆವರಿ ಹುಳುವಾಯಿತು. ಮಳೆ ಹಿಡಿಯುವ ಹೊತ್ತಿಗೆ ಅವಳು ಬುಟ್ಟಿಗಟ್ಟಲೆ ತಾರ್ಲೆಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದಳು. ಯಂತ್ರದ ಲೆಕ್ಕಾಚಾರ ಮಾತ್ರ ಅತ್ಯುತ್ತಮವಾಗಿ ಬಂದಿತ್ತಂತೆ, ವಿಜ್ಞಾನಿಗಳು ಸಂತೋಷದಿಂದಲೇ ಊರಿಗೆ ಮರಳಿದರು.

ನನಗೆ ಅನ್ನ ಸೇರಲಿಲ್ಲ. ಒಂದು ದಿನ ಕೊಡೆ ಹಿಡಿದು ಅವಳ ಮನೆಗೆ ಹೋದೆ. ಅಕ್ಕ ಖಾಲಿ ಬುಟ್ಟಿಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ: ಅದು ಸೊಸೈಟಿಯಲ್ಲ, ನೀವ್ಯಾರೂ ಸದಸ್ಯರಲ್ಲ, ಠರಾವಿನ ಮಾತು ಅವರ ಕಿವಿಗೆ ಬೀಳಲೇ ಇಲ್ಲ, ಬೀಳದಂತೆ ಮಾಡಿದವನು ನಾನು. ಅವಳು ಬಯ್ಯಲಿ, ಬುಟ್ಟಿಯಲ್ಲಿ ಹೊಡೆಯಲಿ ಎಂದೇ ಕಾದೆ.

ಅಕ್ಕ ಕೊನೆಯ ಬುಟ್ಟಿಯನ್ನು ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

“ಅವರ ಮೇಲೆ ನಂಗೆ ಸಿಟ್ಟಿಲ್ಲ ಮಾಸ್ತರೆ. ಅವರಿಗೆ ನಮ್ಮ ಮಾತು ಬರೂದಿಲ್ಲ” ಎಂದಳು. “ನಿಮಗೆ ಎರಡೂ ಬತ್ತದಲ್ಲ.”