ತಟ್ಟೆ ಕೆಳಗಿಟ್ಟ ಪುಟ್ಟಲಕ್ಷ್ಮಮ್ಮ

ನನ್ನ ಬಲಗೈ ವಾಪಸು ಬರುವುದಕ್ಕೆ ತಗುಲಿದ ಖರ್ಚು ಒಂದು ಜೊತೆ ಹಳ್ಳಿಕಾರ್ ಎತ್ತು, ಅದರ ಮೇಲೆ ನನ್ನ ಗರ್ವ. ಎತ್ತು ಮಾರಿದ ದುಡ್ಡು ಹಾಸನದ ಆಸ್ಪತ್ರೆಗೆ ಹೋಯಿತು. ಗರ್ವವನ್ನು ಪುಟ್ಟಲಕ್ಷ್ಮಮ್ಮ ವಸೂಲು ಮಾಡಿಕೊಂಡರು. ಎತ್ತು ಇನ್ನೂ ಹೆಚ್ಚಿಗೆ ಹೋಗಬೇಕಿತ್ತು. ಆದರೆ ಲಕ್ವ ಹೊಡೆದು ಮಲಗಿದವನ ಕೊಟ್ಟಿಗೆಗೆ ಬರುವ ಗಿರಾಕಿ ಬೆಲೆ ಕಟ್ಟುವುದು ಎತ್ತಿನ ಹಲ್ಲು ನೋಡಿ ಅಲ್ಲ, ಮಾಲೀಕನ ಮುಖ ನೋಡಿ.

ಪುಟ್ಟಲಕ್ಷ್ಮಮ್ಮ ಹೆಸರಿನಲ್ಲಷ್ಟೇ ಪುಟ್ಟ. ಆಳು ಬಾಗಿಲು ತುಂಬುವಷ್ಟು. ಕೊಣನೂರಿನ ಕಡೆಯವರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೇಲೊಂದು ನೀಲಿ ಕೋಟು ತೊಟ್ಟು, ಅದರ ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು ವ್ಯಾಯಾಮದ ಕೋಣೆಗೆ ಬರುತ್ತಿದ್ದರು. ಯಾರಿಗೆ ಯಾವ ವ್ಯಾಯಾಮ ಎಂದು ತೀರ್ಮಾನಿಸುವವರು ಫಿಸಿಯೋ ಮೇಡಂ. ಅದನ್ನು ದಿನದಿನವೂ ಮಾಡಿಸುವವರು, ಬಿದ್ದವರನ್ನು ಎತ್ತಿ ನಿಲ್ಲಿಸುವವರು, ಕಂಬಿ ಹಿಡಿಸಿ ನಡೆಸುವವರು ಪುಟ್ಟಲಕ್ಷ್ಮಮ್ಮ. ಯಾರಾದರೂ ‘ಆಗಲ್ಲ’ ಎಂದರೆ ಅವರ ಉತ್ತರ ಒಂದೇ: "ಅದು ನಿಮ್ ಬಾಯಿ ಯೋಳ್ತಿರಾದು. ನಾನಿನ್ನೂ ನಿಮ್ ಕಾಲ್ನ ಕೇಳಿಲ್ಲ."

ಮೊದಲ ದಿನ ನಾನು ಎಲ್ಲರೂ ಕರೆಯುವ ಹಾಗೆಯೇ ಕರೆದೆ. "ಏ ಆಯಾ, ನೀರು ತಾರಮ್ಮ."

ಅವರು ಸೊಂಟದ ಮೇಲೆ ಕೈ ಇಟ್ಟು ನಿಂತರು. "ನೀರು ತರಾಕೆ ಬ್ಯಾರೇರು ಅವ್ರೆ ಗೌಡ್ರೆ. ನಾನು ನಿಮ್ ಕೈ ತರಾಕ್ ಬಂದಿರೋಳು. ಫಿಸಿಯೋ ಅಸಿಸ್ಟೆಂಟು. ಎಲ್ಲಿ, ಅನ್ನಿ ನೋಡನ?"

ನನ್ನ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ‘ಅಸಿ’ ಎನ್ನುವಷ್ಟರಲ್ಲಿ ಜೊಲ್ಲು ಸುರಿಯಿತು.

"ನಿಧಾನ. ನಿಮ್ ನಾಲ್ಗೆಗೆ ಇದೇ ಮೊದಲ್ನೇ ಯಾಯಾಮ. ದಿನಾ ಬಂದೇಟ್ಗೆ ಒಂದ್ಸಲ ಅನ್ನಬೇಕು. ಆಮ್ಯಾಕೆ ನೀರು."

ಪಕ್ಕದ ಹಾಸಿಗೆಯವನು ಕಿಸಕ್ಕೆಂದ. ನಾನು ಎತ್ತಿನ ದಲ್ಲಾಳಿ, ಚನ್ನರಾಯಪಟ್ಟಣದ ಸಂತೆಯಲ್ಲಿ ನನ್ನ ಮುಂದೆ ದನಿ ಎತ್ತುವ ಇನ್ನೊಬ್ಬ ದಲ್ಲಾಳಿ ಇರಲಿಲ್ಲ. ಇಲ್ಲಿ ಒಂದು ಲೋಟ ನೀರಿಗಾಗಿ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೂತಿದ್ದೆ.

ಬೆರಳು ಮಡಿಸಲೆಂದು ರಬ್ಬರು ಚೆಂಡು ಕೊಟ್ಟರು. ಎರಡು ದಿನ ಹಿಸುಕಿ, ಮೂರನೆಯ ದಿನ ಬೇಸತ್ತು ಎಡಗೈಯಲ್ಲಿ ಎಸೆದುಬಿಟ್ಟೆ. ಬೈಯುತ್ತಾರೆ ಅಂದುಕೊಂಡರೆ, "ಮನೇಲಿ ಈ ಕೈಯಿಂದ ಏನ್ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಎತ್ತಿನ ವ್ಯಾಪಾರದ ರೀತಿ ಹೇಳಿದೆ. ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೆ ಟವೆಲು ಹೊದಿಸುತ್ತಾರೆ. ಒಳಗೆ ಬೆರಳು ಅದುಮಿಯೇ ಬೆಲೆ ಹೇಳುವುದು. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದು, ಬಾಯಿ ಬಿಡುವಂತಿಲ್ಲ.

ಮಾರನೆಯ ದಿನ ಆಕೆ ಒಂದು ಟವೆಲು ಹಿಡಿದು ಎದುರಿಗೆ ಕೂತರು. "ಈ ಸ್ಟೂಲು ಮಾರ್ತಾ ಇವ್ನಿ ಗೌಡ್ರೆ. ಬೆಲೆ ಕಟ್ಟಿ."

ಟವೆಲಿನ ಕೆಳಗೆ ಕೈ ಸಿಕ್ಕಿದ್ದೇ ತಡ, ನನ್ನೊಳಗಿನ ದಲ್ಲಾಳಿ ಎದ್ದು ಕೂತ. ನಾಲ್ಕು ಬೆರಳು ಹಿಡಿಯಬೇಕೆಂದರೆ ಎರಡೇ ಹಿಡಿಯಲಾಗುತ್ತಿತ್ತು. ಆಕೆ ಕೂಡಲೇ, "ಎರಡಕ್ಕೆ ಕೊಡಾಕಿಲ್ಲ ಓಗಿ!" ಎಂದು ಕೈ ಕಿತ್ತುಕೊಳ್ಳುತ್ತಿದ್ದರು. ಫಿಸಿಯೋ ಮೇಡಂ ಬಾಗಿಲಲ್ಲಿ ನಿಂತು ನೋಡಿ ನಕ್ಕರು. "ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಇರಲಿ ಪುಟ್ಟಲಕ್ಷ್ಮಮ್ಮ, ಆಗ ಬೆರಳು ಚೆನ್ನಾಗಿ ಮಡಚುತ್ತೆ," ಎಂದು ತಿದ್ದಿಕೊಟ್ಟರು. ಆ ಸ್ಟೂಲಿಗೆ ತಿಂಗಳುಗಟ್ಟಲೆ ಚೌಕಾಸಿ ನಡೆಯಿತು. ಕೊನೆಗೆ ಒಂದು ದಿನ ನಾಲ್ಕು ಬೆರಳನ್ನೂ ಬಿಗಿಯಾಗಿ ಹಿಡಿದೆ. "ಅಯ್ಯೋ, ಬುಡ್ರಪ್ಪಾ, ನೋಯ್ತದೆ!" ಎಂದು ಕೂಗಿದರು. ಅಷ್ಟು ಲಾಭದ ವ್ಯಾಪಾರ ಜೀವನದಲ್ಲಿ ಮಾಡಿಲ್ಲ.

ಆಮೇಲೆ ಆಸ್ಪತ್ರೆಯವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಒಂದೊಂದು ವ್ಯಾಯಾಮದ ಕೋಣೆ ತೆರೆದರು. ಹೊಸ ಸಹಾಯಕಿಯರು ಬಂದರು. ಯಾರು ಯಾವ ಬಸ್ಸು ಹಿಡಿಯಬೇಕು, ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರ ಬದಲಿಗೆ ಯಾರು, ಎಲ್ಲಾ ಪುಟ್ಟಲಕ್ಷ್ಮಮ್ಮನ ತಲೆಯಲ್ಲಿ. ರೋಗಿಯನ್ನು ಎತ್ತುವಾಗ ಬೆನ್ನು ಬಗ್ಗಿಸಿದ ಹುಡುಗಿಗೆ, "ಮಂಡಿ ಬಗ್ಸು ಕಣವ್ವ, ಸೊಂಟ ನಿಂದು, ಆಸ್ಪತ್ರೇದಲ್ಲ," ಎಂದು ಗದರುವುದನ್ನು ನಮ್ಮ ಚನ್ನರಾಯಪಟ್ಟಣದ ಕೋಣೆಯಲ್ಲೇ ಕೇಳಿದ್ದೇನೆ. ಆದರೆ ಈ ಸಹಾಯಕಿಯರ ಮೇಲೊಬ್ಬ ಮುಖ್ಯಸ್ಥ ಬೇಕೆಂದಾಗ ಮ್ಯಾನೇಜರು ಆರಿಸಿದ್ದು ಬಿಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದವನನ್ನು.

ಪುಟ್ಟಲಕ್ಷ್ಮಮ್ಮ ನೇರವಾಗಿ ಹೋಗಿ ಆ ಹುದ್ದೆ ತನಗೆ ಕೊಡಿ ಎಂದು ಕೇಳಿದರಂತೆ. "ಈಗಲೂ ಎಲ್ಲಾ ನೀನು ಹೇಳಿದ ಹಾಗೇ ನಡೀತಿದೆಯಲ್ಲಮ್ಮ, ಮತ್ತೆ ಹುದ್ದೆ ಬೇರೆ ಯಾಕೆ?" ಎಂದರಂತೆ ಮ್ಯಾನೇಜರು.

ನನ್ನ ಬುದ್ಧಿ ವ್ಯಾಪಾರದ್ದು. "ಹುದ್ದೆ ಬಿಡಿ, ಅದರ ಬದಲು ಸಂಬಳ ಏರಿಸಿಕೊಳ್ಳಿ. ಗುಟ್ಟಾಗಿ ಮಾತಾಡಿ, ನಾನು ಕುದುರಿಸಿಕೊಡ್ತೀನಿ," ಎಂದೆ.

ಅವರಿಗೆ ಸಿಟ್ಟು ಬಂತು. "ನಿಮ್ಮ ಟವೆಲ್ ಕೆಳಗಿನ ಯಾಪಾರ ನಂಗ್ ಬ್ಯಾಡಿ ಗೌಡ್ರೆ. ನನ್ ಬೆಲೆ ನಾಕ್ ಜನದ ಮುಂದೆ ಕೂಗಿ ಯೋಳ್ಬೇಕು. ನಾಳೆ ಈ ಉಡುಗೀರ್ಗೂ ಆಯಾ ಅನ್ನಬಾರ್ದು, ಅದುಕ್ಕೆ."

ಆ ವರ್ಷದ ವಾರ್ಷಿಕೋತ್ಸವಕ್ಕೆ, ವಾಸಿಯಾದ ರೋಗಿಯೆಂದು ನನ್ನನ್ನೂ ಕರೆದಿದ್ದರು. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಡಾಕ್ಟರಿಗೆ, ನರ್ಸಿಗೆ, ಆಫೀಸಿನವರಿಗೆ ಸನ್ಮಾನ. ಶಾಲು, ಹಾರ, ಹಣ್ಣಿನ ತಟ್ಟೆ ಹಿಡಿದು ಹಿಂದೆ ನಿಲ್ಲುವವರು ಸಹಾಯಕಿಯರು. ಒಂದೇ ಬಣ್ಣದ ಸೀರೆ ಉಟ್ಟುಕೊಂಡು ಬರಬೇಕು, ಫೋಟೋಕ್ಕೆ ಚೆನ್ನಾಗಿರುತ್ತದೆಂದು. ಅವತ್ತು ಸಹಾಯಕಿಯರೆಲ್ಲ ಕೆಲಸದ ನೀಲಿ ಕೋಟಿನಲ್ಲೇ ಬಂದರು. ಮೊದಲ ಹೆಸರು ಕೂಗಿದಾಗ ಪುಟ್ಟಲಕ್ಷ್ಮಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ವೇದಿಕೆಯ ಮೆಟ್ಟಿಲಿಳಿದು ಬಂದು, ಸಭೆಯಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತರು. ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು, ಇಳಿದರು, ಕೂತರು.

ಮ್ಯಾನೇಜರು ಓಡಿ ಬಂದರು. "ಏನಮ್ಮಾ ಇದು? ಗೆಸ್ಟ್ ಮುಂದೆ ಮರ್ಯಾದೆ ತೆಗೀತೀಯಾ?"

"ತಗೀತಾ ಇಲ್ಲ ಸಾ, ಕೇಳ್ತಾ ಇವ್ನಿ. ನಮ್ಮನ್ನೂ ಕೂಗಿ, ಬತ್ತೀವಿ."

ಕೂಗಲಿಲ್ಲ. ಮ್ಯಾನೇಜರೇ ತಟ್ಟೆ ಹಿಡಿದು ಓಡಾಡಿದರು. ಫಿಸಿಯೋ ಮೇಡಂ ಮಾತ್ರ ಶಾಲು ಹೊದಿಸಿಕೊಂಡವರು ವೇದಿಕೆಯ ಕುರ್ಚಿಗೆ ಹೋಗದೆ, ಕೆಳಗೆ ಬಂದು ಇವರ ಸಾಲಿನಲ್ಲಿ ಕೂತರು.

ಮರುವಾರ ಪುಟ್ಟಲಕ್ಷ್ಮಮ್ಮನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಅವರು ಕೋಟು ಮಡಿಸಿ ಮೇಜಿನ ಮೇಲಿಟ್ಟು ಬಸ್ಸು ಹತ್ತಿದರು. ಸ್ವಲ್ಪ ದಿನಕ್ಕೆ ಅರಕಲಗೂಡಿನಲ್ಲಿ ಬೇರೆ ಯಾರೋ ಡಾಕ್ಟರುಗಳು ಸೇರಿ ತೆರೆದ ಚಿಕಿತ್ಸಾ ಕೇಂದ್ರದಲ್ಲಿ ಸೇರಿದರು. ಸೇರುವ ಮುಂಚೆಯೇ ‘ಸಹಾಯಕರ ಮುಖ್ಯಸ್ಥೆ’ ಎಂದು ಆರ್ಡರಿನಲ್ಲಿ ಬರೆಸಿಕೊಂಡರಂತೆ. ಹಾಸನದಿಂದ ಮೂವರು ಹುಡುಗಿಯರು ಅವರ ಹಿಂದೆಯೇ ಹೋದರು. ಇತ್ತ ತಾಲ್ಲೂಕಿನ ಕೋಣೆಗಳು ಒಂದು ದಿನ ತೆರೆದರೆ ಎರಡು ದಿನ ಬೀಗ.

ಆಗ ಮ್ಯಾನೇಜರಿಗೆ ನನ್ನ ನೆನಪಾಯಿತು. ನಾನು ದಲ್ಲಾಳಿಯಲ್ಲವೇ! ಒಂದೂವರೆ ಪಟ್ಟು ಸಂಬಳ, ಹುದ್ದೆಯ ವಿಷಯ ಮುಂದೆ ನೋಡೋಣ, ಹೇಗಾದರೂ ಕರೆತನ್ನಿ ಎಂದರು. ಎಳನೀರಿನ ಗೊನೆಯೊಂದನ್ನು ಬಸ್ಸಿಗೆ ಹಾಕಿಕೊಂಡು ಅರಕಲಗೂಡಿಗೆ ಹೋದೆ.

ಬಾಗಿಲಲ್ಲಿದ್ದ ಹುಡುಗಿ, "ಮುಖ್ಯಸ್ಥರು ಪೇಷೆಂಟ್ ಹತ್ರ ಅವ್ರೆ, ಕೂತಿರಿ," ಎಂದಳು. ಕೂತೆ. ಬಹಳ ಹೊತ್ತಿನ ಮೇಲೆ ಬಂದವರು ಮೊದಲು ಹಿಡಿದದ್ದು ನನ್ನ ಕೈಯನ್ನು. "ಮಡ್ಸಿ. ಕಿರುಬೆರಳು ಇನ್ನೂ ಕಳ್ಳಾಟ ಆಡ್ತಾ ಅದೆ ನೋಡಿ."

ಬಂದ ವಿಷಯ ಹೇಳಿದೆ. ಪೂರ್ತಿ ಕೇಳಿದರು.

"ಮುಂದೆ ನೋಡನ ಅಂದ್ರಾ? ಅಂಗಾರೆ ನಾನೂ ಮುಂದೇನೇ ಬತ್ತೀನಿ ಅನ್ನಿ. ಎಸ್ರು, ಹುದ್ದೆ ಬರ್ದು ಬೋರ್ಡು ಮೊದ್ಲು ಗೋಡೆಗೆ ಹೊಡೀಲಿ. ಆಮ್ಯಾಕೆ ಮಾತು." ಎಳನೀರಿನ ಗೊನೆಯನ್ನು ಒಳಗಿದ್ದ ರೋಗಿಗಳಿಗೆ ಕಳಿಸಿ, ನನ್ನನ್ನು ಬಾಗಿಲವರೆಗೆ ಬಿಟ್ಟರು. "ಇನ್ ಬರಬ್ಯಾಡಿ ಗೌಡ್ರೆ. ವಾಸಿಯಾದೋರು ಇಲ್ಲಿ ಕುರ್ಚಿ ತುಂಬಬಾರ್ದು."

ಅದೇ ಕೊನೆ. ಮತ್ತೆ ನಾನು ಹೋಗಿಲ್ಲ. ದಲ್ಲಾಳಿಯಾಗಿ ಹೋಗಿ, ವ್ಯಾಪಾರ ಮುರಿದು, ಖುಷಿಯಾಗಿ ಮನೆಗೆ ಬಂದದ್ದು ಅದೊಂದೇ ಸಲ.

ನಿಮಗೆ ಎರಡು ಮಾತು, ಬಿಟ್ಟಿ ಸಲಹೆ. ಆಸ್ಪತ್ರೆಯಲ್ಲಿ ನಿಮ್ಮನ್ನು ಎತ್ತಿ ಕೂರಿಸಿದವರ ಹೆಸರೇನು, ಹುದ್ದೆಯೇನು ಎಂದು ಮೊದಲ ದಿನವೇ ಕೇಳಿ, ಹಾಗೆಯೇ ಕರೆಯಿರಿ. ಡಾಕ್ಟರ ಮುಂದೆಯೂ ಹಾಗೆಯೇ ಕರೆಯಿರಿ, ಮ್ಯಾನೇಜರ ಮುಂದೆ ಇನ್ನೂ ಸ್ವಲ್ಪ ಜೋರಾಗಿ. ಇನ್ನು ನೀವೇ ಅಂಥ ಕೆಲಸದಲ್ಲಿದ್ದರೆ, ಸಂಬಳದಲ್ಲಿ ಬೇಕಾದರೆ ನೂರು ಇನ್ನೂರು ಬಿಟ್ಟುಕೊಡಿ, ಚೌಕಾಸಿಯೆಂದ ಮೇಲೆ ಅದು ಇದ್ದದ್ದೇ. ಹುದ್ದೆಯನ್ನು ಮಾತ್ರ ಬಿಡಬೇಡಿ. ಆರ್ಡರು ಕೈಗೆ ಬರುವವರೆಗೆ ಕೋಟು ತೊಡಬೇಡಿ. ಒಬ್ಬರೇ ಹೋಗಿ ಕೇಳಬೇಡಿ. ಜೊತೆಯವರನ್ನು ಕರೆದುಕೊಂಡು ಹೋಗಿ, ಬಾಗಿಲು ತೆರೆದಿಟ್ಟುಕೊಂಡೇ ಕೇಳಿ.